ದೊಡ್ಡ ಮಗುವಿನ ದತ್ತು: ಮೊದಲ ಭೇಟಿಗೆ ಬಲ್ಗೇರಿಯಾಕ್ಕೆ ಹೊರಟಿದ್ದೇವೆ. ಅಲ್ಲಿ ಹೇಗಿರಬೇಕು?

ಕಾಯುವಮ್ಮ
6 ಫೆಬ್ರವರಿ 2024

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ನಾವು ನ್ಯೂಜೆರ್ಸಿಯಲ್ಲಿರುವವರು. ನಾನು ಸಾಗರದ ಕಡೆಯವಳು, ನಮ್ಮವರು ಕಲಬುರಗಿಯವರು. ಇಬ್ಬರಿಗೂ ಐವತ್ತು ದಾಟಿದೆ. ಕೈಗೂಸು ಬೇಡ, ಸ್ವಲ್ಪ ದೊಡ್ಡ ಮಗುವೇ ಬರಲಿ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಮನೆ ತಪಾಸಣೆ, ಬೆರಳಚ್ಚು, ತರಬೇತಿ, ಹೊರದೇಶದ ಮಗುವನ್ನು ದತ್ತು ತರಲು ಅಮೆರಿಕ ಸರ್ಕಾರಕ್ಕೆ ಹಾಕುವ ಐ-800ಎ ಅರ್ಜಿ ಎಲ್ಲ ಮುಗಿಯಿತು. ಹೋದ ನವೆಂಬರ್‌ನಲ್ಲಿ ಬಲ್ಗೇರಿಯಾದಿಂದ ಒಬ್ಬ ಹುಡುಗನ ಕಡತ ಬಂತು. ಒಂಬತ್ತು ವರ್ಷ. ನಾಲ್ಕು ಪುಟ, ಮೂರು ಫೋಟೊ, ಒಂದು ನಿಮಿಷದ ವಿಡಿಯೊ. ನಮ್ಮ ಹತ್ತಿರ ಇರುವುದು ಇಷ್ಟೇ. ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಅದರಲ್ಲಿ ಅವನು ಶೂ ಲೇಸ್ ಕಟ್ಟುತ್ತಿದ್ದಾನೆ, ಅಷ್ಟೇ.

ಬಲ್ಗೇರಿಯಾಕ್ಕೆ ಎರಡು ಸಲ ಹೋಗಬೇಕು. ಮೊದಲನೇ ಸಲ ಕನಿಷ್ಠ ಐದು ದಿನ ಮಗುವಿನ ಜೊತೆ ಕಳೆಯಬೇಕು. ಆಮೇಲೆ ನಾವು ಒಪ್ಪಿಗೆ ಕೊಟ್ಟರೆ ಕಾಗದಪತ್ರ ಮುಂದೆ ಹೋಗುತ್ತದೆ. ಕೊನೆಗೆ ಸೋಫಿಯಾ ನಗರ ನ್ಯಾಯಾಲಯ ಆದೇಶ ಕೊಡಬೇಕು. ಅದಾದ ಮೇಲೆ ಎರಡನೇ ಸಲ ಹೋಗಿ ಕರೆದುಕೊಂಡು ಬರುವುದು. ನಡುವೆ ಎಷ್ಟೋ ತಿಂಗಳು.

ಇದೇ 24ಕ್ಕೆ ಹೊರಡುತ್ತೇವೆ. ಸೋಮವಾರದಿಂದ ಶುಕ್ರವಾರದವರೆಗೆ ಭೇಟಿ. ನನ್ನ ಹೆದರಿಕೆ ಒಂದೇ. ಐದು ದಿನ ಅವನ ಜೊತೆ ಆಡಿ, ನಕ್ಕು, ಆರನೇ ದಿನ ಅವನನ್ನು ಅಲ್ಲೇ ಬಿಟ್ಟು ಬರಬೇಕಲ್ಲ? ಅದನ್ನು ಹೇಗೆ ಮಾಡುವುದು? ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಮಗುವಿನ ಹೆಸರು, ಊರು ಬರೆಯುವುದಿಲ್ಲ. ಪುಟ್ಟ ಅಂತ ಕರೆಯುತ್ತೇನೆ.

ಆಕಾಶಮಲ್ಲಿಗೆ
6 ಫೆಬ್ರವರಿ

ಅಕ್ಕ, ಓದಿ ಕಣ್ಣು ತುಂಬಿತು. ನಾವು ದಾವಣಗೆರೆಯವರು. ನಮ್ಮ ಮಗಳು ಬಂದಾಗ ಅವಳಿಗೆ ಏಳು ವರ್ಷ. ಈಗ ಹನ್ನೆರಡು. ನಮ್ಮದು ಇಲ್ಲೇ ಭಾರತದಲ್ಲಿ, ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಾರಾ ಮೂಲಕ. ಪೋರ್ಟಲ್‌ನಲ್ಲಿ ಅವಳ ಫೋಟೊ ಬಂದಾಗ ನಮಗಿದ್ದದ್ದು 48 ಗಂಟೆ. ಅಷ್ಟರಲ್ಲಿ ಹೂಂ ಅನ್ನಬೇಕು, ಆಮೇಲೆ ಹೋಗಿ ನೋಡಬೇಕು.

ನಮ್ಮ ಅನುಭವದಿಂದ ಹೇಳುತ್ತೇನೆ. ಒಂದು ಆಲ್ಬಂ ಮಾಡಿಕೊಂಡು ಹೋಗಿ. ನಿಮ್ಮಿಬ್ಬರ ಫೋಟೊ, ಮನೆ ಬಾಗಿಲು, ಅಡುಗೆಮನೆ, ಅವನು ಮಲಗುವ ಕೋಣೆ, ಬೀದಿ, ಶಾಲೆ, ಪಕ್ಕದ ಮನೆಯ ನಾಯಿ ಇದ್ದರೆ ಅದೂ. ಪ್ರತಿ ಫೋಟೊದ ಕೆಳಗೆ ಅವನ ಭಾಷೆಯಲ್ಲಿ ಒಂದು ಸಾಲು ಬರೆಸಿ. ನಮ್ಮ ಮಗಳು ಆ ಆಲ್ಬಂ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳಂತೆ. ಅಲ್ಲಿನ ಆಯಾ ಆಮೇಲೆ ಹೇಳಿದರು.

ಉಡುಗೊರೆ ಅವನೊಬ್ಬನಿಗೇ ಕೊಡಬೇಡಿ. ನೀವು ಆಚೆ ಹೋದ ಮೇಲೆ ಅವನು ಉಳಿದ ಮಕ್ಕಳ ನಡುವೆ ಇರಬೇಕು. ಫುಟ್ಬಾಲ್, ಬಣ್ಣದ ಪೆನ್ಸಿಲ್, ಎಲ್ಲರೂ ಆಡುವಂಥದ್ದು ತೆಗೆದುಕೊಂಡು ಹೋಗಿ ಅಲ್ಲಿ ನೋಡಿಕೊಳ್ಳುವವರ ಕೈಗೆ ಕೊಡಿ.

ಹೇಮಾವತಿ ತೀರ
7 ಫೆಬ್ರವರಿ

ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ನಮ್ಮಲ್ಲೇ ಇಷ್ಟು ಮಕ್ಕಳಿರುವಾಗ ಬಲ್ಗೇರಿಯಾ ಯಾಕೆ?

ಕಾಯುವಮ್ಮ
7 ಫೆಬ್ರವರಿ

ತಪ್ಪೇನಿಲ್ಲ. ನಮ್ಮತ್ತೆಯವರೂ ಇದೇ ಕೇಳಿದರು.

ಮೊದಲು ಭಾರತವನ್ನೇ ನೋಡಿದೆವು. ನಮ್ಮಿಬ್ಬರ ವಯಸ್ಸು ಕೂಡಿಸಿದರೆ 103. ಅಲ್ಲಿನ ನಿಯಮದಲ್ಲಿ 4ರಿಂದ 8 ವರ್ಷದ ಮಗುವಿಗೆ ದಂಪತಿಯ ವಯಸ್ಸು ಸೇರಿ 100 ಮೀರಬಾರದು. 8 ದಾಟಿದ ಮಕ್ಕಳಿಗೆ 110ರವರೆಗೆ ಆಗುತ್ತದೆ. ಹಾಗಾಗಿ ದಾರಿ ಮುಚ್ಚಿರಲಿಲ್ಲ. ಆ ಅರ್ಜಿಗೆ ಕಾಗದ ಸೇರಿಸುತ್ತಿರುವಾಗಲೇ ನಮ್ಮ ದತ್ತು ಸಂಸ್ಥೆಯವರು ಕಾಯುತ್ತಿರುವ ದೊಡ್ಡ ಮಕ್ಕಳ ಪಟ್ಟಿ ತೋರಿಸಿದರು. ಅದರಲ್ಲಿ ಪುಟ್ಟ ಇದ್ದ. ಅವನನ್ನು ನೋಡಿದ ಮೇಲೆ ದೇಶ ಯಾವುದು ಅನ್ನುವ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ.

ಅಮೆರಿಕಕ್ಕೆ ಹೊರದೇಶದಿಂದ ದತ್ತು ಬರುವುದೇ ಈಗ ಬಹಳ ಕಡಿಮೆ. 2004ರಲ್ಲಿ ಸುಮಾರು 23 ಸಾವಿರ ಮಕ್ಕಳು ಬಂದಿದ್ದರು. 2022ರಲ್ಲಿ 1,517. ರಷ್ಯಾ 2013ರಿಂದ ಅಮೆರಿಕದವರಿಗೆ ಮಕ್ಕಳನ್ನು ಕೊಡುವುದನ್ನೇ ನಿಲ್ಲಿಸಿತು, ಇಥಿಯೋಪಿಯಾ 2018ರಲ್ಲಿ. ಕೆಲವು ಕಡೆ ಮೋಸ ನಡೆದದ್ದೂ ನಿಜ. ಆಮೇಲೆ ನಿಯಮ ಬಿಗಿಯಾಯಿತು. ಅದು ಒಳ್ಳೆಯದೇ. ಈಗ ಹೀಗೆ ಕಾಯುತ್ತಿರುವವರಲ್ಲಿ ಜಾಸ್ತಿ ಜನ ದೊಡ್ಡ ಮಕ್ಕಳು, ಒಟ್ಟಿಗೇ ಹೋಗಬೇಕಾದ ಅಣ್ಣ ತಂಗಿಯರು, ಆರೋಗ್ಯದ ತೊಂದರೆ ಇರುವವರು.

ಬಾಲಮಂದಿರದ ಹುಡುಗ
8 ಫೆಬ್ರವರಿ

ಅಕ್ಕ, ನಾನು ದತ್ತು ತೆಗೆದುಕೊಂಡವನಲ್ಲ. ದತ್ತು ಹೋದವನೂ ಅಲ್ಲ. ಆರನೇ ವಯಸ್ಸಿಂದ ಹದಿನೆಂಟರವರೆಗೆ ಬಾಲಮಂದಿರದಲ್ಲಿ ಬೆಳೆದವನು. ಈಗ ನನಗೆ ಮೂವತ್ತಾರು. ಹೆಂಡತಿ, ಎರಡು ಮಕ್ಕಳು, ಸ್ವಂತ ವರ್ಕ್‌ಶಾಪ್ ಇದೆ. ಗೇಟಿನ ಒಳಗಿನಿಂದ ಏನು ಕಾಣುತ್ತದೆ ಅಂತ ಹೇಳಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಭಾನುವಾರ ಜನ ಬರುತ್ತಿದ್ದರು. ಹುಟ್ಟುಹಬ್ಬದ ಕೇಕ್, ಹಳೇ ಬಟ್ಟೆ, ಊಟ. ಸಾಲಾಗಿ ನಿಲ್ಲಿಸಿ ಫೋಟೊ. ಯಾರು ಬಂದರೂ ಸಣ್ಣ ಹುಡುಗರು ಓಡಿ ಹೋಗಿ ಕೈ ಹಿಡಿಯುತ್ತಿದ್ದರು. ಬಂದವರಿಗೆ ಅದು ಪ್ರೀತಿ ಅಂತ ಅನಿಸುತ್ತಿತ್ತು. ನಾವು ಹಿಡಿಯುತ್ತಿದ್ದದ್ದು ಯಾವ ಕೈ ಅಂತ ನಮಗೇ ಗೊತ್ತಿರುತ್ತಿರಲಿಲ್ಲ.

ನನಗೆ ಒಂಬತ್ತಾಗಿದ್ದಾಗ ಗಂಡ ಹೆಂಡತಿ ಇಬ್ಬರು ಬಂದರು. ನನ್ನ ಜೊತೆಯೇ ಕೂತು ಮಾತಾಡಿದರು. ಮತ್ತೊಂದು ಭಾನುವಾರ ಬಂದರು. ಮೂರನೇ ಭಾನುವಾರವೂ ಬಂದರು. ಸೈಕಲ್ ಹೊಡೆಯಲು ಬರುತ್ತಾ ಅಂತ ಕೇಳಿದರು. ಬರುವುದಿಲ್ಲ ಅಂದೆ. ಕಲಿಸುತ್ತೇವೆ ಅಂದರು. ನಾಲ್ಕನೇ ಭಾನುವಾರ ನಾನು ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಶರ್ಟ್ ಹಾಕಿಕೊಂಡು ಗೇಟಿನ ಹತ್ತಿರ ನಿಂತೆ. ಅವರು ಬರಲಿಲ್ಲ. ಐದನೇ ಭಾನುವಾರವೂ ನಿಂತೆ. ಯಾಕೆ ಬರಲಿಲ್ಲ ಅಂತ ಯಾರೂ ಹೇಳಲಿಲ್ಲ. ಅವರಿಗೆ ಏನೋ ಕಷ್ಟ ಬಂದಿರಬಹುದು, ನಾನು ದೂರುವುದಿಲ್ಲ. ಆದರೆ ನಾನು ಸೈಕಲ್ ಕಲಿಯಲೇ ಇಲ್ಲ. ಬೈಕ್ ಓಡಿಸುತ್ತೇನೆ, ಸೈಕಲ್ ಮುಟ್ಟುವುದಿಲ್ಲ.

ಈಗಿನ ಕಾನೂನಿನಲ್ಲಿ ಹೀಗೆ ಬಂದು ಮಗು ಆರಿಸುವಂತಿಲ್ಲ. ಈ ಮಗುವಿಗೆ ಈ ದಂಪತಿ ಅಂತ ಕಾಗದದಲ್ಲಿ ಹೊಂದಿಕೆಯಾದ ಮೇಲೇ ಭೇಟಿ. ಅದು ತುಂಬಾ ಒಳ್ಳೆಯ ಬದಲಾವಣೆ.

ನಿಮಗೆ ನನ್ನ ಮಾತು ಇಷ್ಟೇ. ಅವನಿಗೆ ಸುಳ್ಳು ಹೇಳಬೇಡಿ. "ಬೇಗ ಬರ್ತೀವಿ" ಅನ್ನುವುದೂ ಸುಳ್ಳೇ, ಬೇಗ ಅಂದರೆ ಮಗುವಿಗೆ ಭಾನುವಾರ. ಯಾವಾಗ ಬರುತ್ತೀರಿ ಅಂತ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ. ಮತ್ತೆ, ಹೇಳಿದ ಹೊತ್ತಿಗೆ ಹೋಗಿ. ಹತ್ತು ಗಂಟೆ ಅಂದರೆ ಹತ್ತಕ್ಕೇ ಗೇಟಿನಲ್ಲಿ ಇರಿ. ಅವನು ಒಂಬತ್ತಕ್ಕೇ ಕಿಟಕಿಯಲ್ಲಿರುತ್ತಾನೆ.

ಕಾಯುವಮ್ಮ
8 ಫೆಬ್ರವರಿ

ಅಣ್ಣ, ನಿಮ್ಮ ಮಾತನ್ನು ನಮ್ಮವರಿಗೆ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು. ಆಮೇಲೆ ಅವರು ಎದ್ದು ಹೋಗಿ, ಪ್ರಯಾಣದ ಚೀಟಿಯಲ್ಲಿ ಬರೆದುಕೊಂಡಿದ್ದ "ಬೆಳಿಗ್ಗೆ 10ರ ಸುಮಾರಿಗೆ" ಅನ್ನುವುದನ್ನು ಹೊಡೆದು "9.45ಕ್ಕೆ ಗೇಟಿನಲ್ಲಿ" ಅಂತ ಬರೆದರು.

ಮಕ್ಕಳ ಡಾಕ್ಟರ್, ಡಬ್ಲಿನ್
10 ಫೆಬ್ರವರಿ

ನಾನು ಮಕ್ಕಳ ವೈದ್ಯೆ. ಇಲ್ಲಿಗೆ ಬಂದ ದತ್ತು ಮಕ್ಕಳನ್ನು ನೋಡಿದ್ದೇನೆ. ಕೆಲವು ಕೆಲಸದ ಮಾತು.

ಹುಟ್ಟಿದಾಗಿನ ತೂಕ, ತಲೆ ಸುತ್ತಳತೆ, ಆಮೇಲಿನ ಎತ್ತರ ತೂಕ, ಲಸಿಕೆ, ಆಸ್ಪತ್ರೆಯಲ್ಲಿ ಇದ್ದದ್ದು, ಇವೆಲ್ಲದರ ನಕಲು ಕೇಳಿ. ವಯಸ್ಸಿಗಿಂತ ಗಿಡ್ಡ ಇದ್ದರೆ ಗಾಬರಿಯಾಗಬೇಡಿ. ಅನಾಥಾಲಯದಂಥ ಸಂಸ್ಥೆಯಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಸುಮಾರು ಒಂದು ತಿಂಗಳ ಬೆಳವಣಿಗೆ ಹಿಂದೆ ಬೀಳುತ್ತದೆ ಅನ್ನುವ ಅಂದಾಜು ನಮ್ಮಲ್ಲಿದೆ. ಮನೆಗೆ ಬಂದ ಮೇಲೆ ಎಷ್ಟೋ ಮಕ್ಕಳು ದಿಢೀರ್ ಬೆಳೆಯುತ್ತಾರೆ.

ಬಾಲಮಂದಿರದ ಅಣ್ಣ ಹೇಳಿದ "ಯಾರ ಕೈಯಾದರೂ ಹಿಡಿಯುವುದು" ವೈದ್ಯರಿಗೂ ಗೊತ್ತಿರುವ ವಿಷಯ. ಪಕ್ಕದ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ನೇ ಇಸವಿಯಲ್ಲಿ ಅಂಥ ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿದರು. ಆ ಮಕ್ಕಳು ಮಾತಲ್ಲಿ, ಬುದ್ಧಿಯಲ್ಲಿ, ಜನರನ್ನು ಹಚ್ಚಿಕೊಳ್ಳುವುದರಲ್ಲಿ ಸಂಸ್ಥೆಯಲ್ಲಿ ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಬೇಗ ಹೋದಷ್ಟೂ ಒಳ್ಳೆಯದಾಯಿತು. ಗೋಡೆ, ಹಾಸಿಗೆ, ಊಟ ಎಲ್ಲ ಇದ್ದರೂ ತನ್ನವರು ಅನ್ನುವ ಒಬ್ಬರು ಬೇಕು.

ಹಾಗಾಗಿ ಪುಟ್ಟ ಮೊದಲ ದಿನವೇ ಬಂದು ಅಪ್ಪಿಕೊಂಡರೆ ಜಾಸ್ತಿ ಅರ್ಥ ಹಚ್ಚಬೇಡಿ. ದೂರ ನಿಂತರೆ ಅದು ಒಳ್ಳೆಯ ಸೂಚನೆಯೂ ಆಗಿರಬಹುದು. ಅವನನ್ನು ನೋಡಿಕೊಳ್ಳುವವರ ಹತ್ತಿರ ಇದನ್ನು ಕೇಳಿ: ಬೇಜಾರಾದಾಗ ಅವನು ಯಾರ ಹತ್ತಿರ ಹೋಗುತ್ತಾನೆ? ಎಲ್ಲಿ ಕೂರುತ್ತಾನೆ? ರಾತ್ರಿ ದೀಪ ಬೇಕಾ? ಜೀವದ ಗೆಳೆಯ ಯಾರು? ಕಡತದಲ್ಲಿ ಇದು ಬರುವುದಿಲ್ಲ.

ಕಾಯುವಮ್ಮ
26 ಫೆಬ್ರವರಿ, ರಾತ್ರಿ

ಬಂದೆವು. ನೋಡಿದೆವು.

ಸೋಫಿಯಾದಿಂದ ಪ್ಲೋವ್‌ದಿವ್‌ಗೆ 150 ಕಿಲೋಮೀಟರ್. ಅಲ್ಲಿಂದ ಇನ್ನೂ ಒಂದು ಗಂಟೆ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ದೊಡ್ಡ ಬೂದು ಕಟ್ಟಡ, ಸಾಲು ಮಂಚ. ಹಾಗಿಲ್ಲ. 2010ರಿಂದ ಈಚೆಗೆ ಇಲ್ಲಿ ಅಂಥ ದೊಡ್ಡ ಸಂಸ್ಥೆಗಳನ್ನು ಒಂದೊಂದಾಗಿ ಮುಚ್ಚಿ, ಹನ್ನೆರಡು ಹದಿನಾಲ್ಕು ಮಕ್ಕಳಿರುವ ಸಣ್ಣ ಮನೆಗಳನ್ನು ಮಾಡಿದ್ದಾರೆ. ಪುಟ್ಟ ಇರುವುದು ಅಂಥದ್ದರಲ್ಲೇ. ಹಳದಿ ಗೋಡೆ, ಹಿತ್ತಲಲ್ಲಿ ಪ್ಲಮ್ ಮರ, ಅಡುಗೆಮನೆಯಿಂದ ಸಾರಿನ ವಾಸನೆ. ಸ್ವಚ್ಛವಾಗಿದೆ. ಆದರೆ ನೋಡಿಕೊಳ್ಳುವವರು ಪಾಳಿಯಲ್ಲಿ ಬದಲಾಗುತ್ತಾರೆ. ಮಕ್ಕಳು ಅವರನ್ನು "ಲೆಲ್ಯಾ" ಅನ್ನುತ್ತಾರೆ, ಅತ್ತೆ ಚಿಕ್ಕಮ್ಮ ಅನ್ನುವ ಹಾಗೆ. ಬೆಳಿಗ್ಗೆ ಒಬ್ಬ ಲೆಲ್ಯಾ, ರಾತ್ರಿ ಇನ್ನೊಬ್ಬರು.

9.45ಕ್ಕೆ ಗೇಟಿನಲ್ಲಿದ್ದೆವು. ಅವನು ಕಿಟಕಿಯಲ್ಲಿದ್ದ.

ಒಳಗೆ ಹೋದರೆ ಬಾಗಿಲ ಹಿಂದೆ ನಿಂತ. ಕಡತದಲ್ಲಿದ್ದಕ್ಕಿಂತ ಸಣ್ಣವನು. ಎರಡು ಗಂಟೆ ಮಾತಿಲ್ಲ. ನಮ್ಮವರು ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಕೂತು ಬ್ಲಾಕ್ ಜೋಡಿಸತೊಡಗಿದರು. ಅವನು ಬಂದು ಒಂದು ಇಟ್ಟ. ಇವರು ಒಂದು ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಸೇತುವೆ ಆಗಿತ್ತು.

ಹೊರಡುವಾಗ ದುಭಾಷಿಯ ಕೈಲಿ ಕೇಳಿಸಿದೆ, ನಾಳೆ ಬರೋಣವಾ? ಅವನು ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದ. ನನ್ನ ಎದೆ ಧಸಕ್ ಅಂತು. ದುಭಾಷಿ ನನ್ನ ಮುಖ ನೋಡಿ, "ಅಮ್ಮ, ಇಲ್ಲಿ ಅದು ಹೌದು!" ಅಂದರು. ಇಲ್ಲಿ ಬೇಡ ಅನ್ನುವುದಕ್ಕೆ ತಲೆ ಮೇಲಕ್ಕೆ ಎತ್ತಿ "ತ್ಸ್" ಅನ್ನುತ್ತಾರೆ. ನಮ್ಮ ಕಡೆ "ಚ್" ಅನ್ನುವುದಿಲ್ವಾ, ಹಾಗೇ.

ಗೇಟಿನವರೆಗೆ ಹಿಂದೆ ಬಂದು ಒಂದೇ ಶಬ್ದ ಕೇಳಿದ. "ಉತ್ರೆ?" ನಾಳೆ?

"ಉತ್ರೆ," ಅಂದೆ. ಅದೊಂದು ಶಬ್ದ ಕಲಿತು ಬಂದೆ ಇವತ್ತು.

ಆಕಾಶಮಲ್ಲಿಗೆ
27 ಫೆಬ್ರವರಿ

ಅಕ್ಕ, ಸೇತುವೆ ಕಟ್ಟಿದ ನಿಮ್ಮವರಿಗೆ ದೊಡ್ಡ ನಮಸ್ಕಾರ. ಮಾತಾಡಿಸಲು ಹೋಗದೆ ಪಕ್ಕದಲ್ಲಿ ಕೂತರಲ್ಲ, ಅದು ನಮಗೆ ತಿಳಿಯಲು ಮೂರು ದಿನ ಬೇಕಾಯಿತು.

ಲೆಲ್ಯಾಗಳ ಫೋಟೊ ತೆಗೆದುಕೊಳ್ಳಿ. ಒಪ್ಪಿದರೆ ಅವರ ಧ್ವನಿ ಕೂಡ. ಅವನ ಮಂಚ, ಅವನ ತಟ್ಟೆ, ಆ ಪ್ಲಮ್ ಮರ, ಎಲ್ಲ. ನಮ್ಮ ಮಗಳಿಗೆ ಏಳು ವರ್ಷದವರೆಗಿನ ಫೋಟೊ ಎರಡೇ ಇವೆ. ಅವಳು ಈಗ ಕೇಳುತ್ತಾಳೆ, "ಅಮ್ಮ, ನಾನು ಐದು ವರ್ಷದವಳಿದ್ದಾಗ ಹೇಗಿದ್ದೆ?" ನನ್ನ ಹತ್ತಿರ ಉತ್ತರ ಇಲ್ಲ.

ಕಾಯುವಮ್ಮ
28 ಫೆಬ್ರವರಿ, ರಾತ್ರಿ

ಇವತ್ತು ನಡೆದದ್ದು ಬರೆಯದೆ ನಿದ್ದೆ ಬರುವುದಿಲ್ಲ.

ಪುಟ್ಟ ರೋಮಾ ಜನಾಂಗದವನು. ಕಡತದಲ್ಲಿ ಇತ್ತು. ಐದು ವರ್ಷದವರೆಗೆ ಅಜ್ಜಿಯ ಜೊತೆ ಇದ್ದ, ಅಜ್ಜಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದ. ಅವನ ಗೆಳೆಯ ಒಬ್ಬ ಇದ್ದಾನೆ, ಆರು ವರ್ಷದವನು, ಸದಾ ಅವನ ಬೆನ್ನಿಗೇ ಇರುತ್ತಾನೆ. ಹಿತ್ತಲಲ್ಲಿ ಚೆಂಡಾಡಿ ದಣಿದಿದ್ದರು. ಆ ಸಣ್ಣವನು ಪುಟ್ಟನ ಕಿವಿಯಲ್ಲಿ ಏನೋ ಅಂದ. ನಮ್ಮವರು ತಟ್ಟನೆ ತಿರುಗಿದರು. "ಏ, ಅವನು ಪಾನಿ ಅಂದ!"

ಕಲಬುರಗಿಯಲ್ಲಿ ಬೆಳೆದವರಿಗೆ ಪಾನಿ ಅಂದರೆ ಬೇರೆ ಅರ್ಥ ಹೇಳಬೇಕಾ? ಬಾಟಲಿ ತೆಗೆದು ಕೊಟ್ಟು, "ಪಾನಿ?" ಅಂದರು. ಇಬ್ಬರು ಹುಡುಗರೂ ಹಾಗೇ ನಿಂತುಬಿಟ್ಟರು. ಇಲ್ಲಿ ಎಲ್ಲರೂ ನೀರಿಗೆ "ವೊದಾ" ಅನ್ನುತ್ತಾರೆ. ಪಾನಿ ಅನ್ನುವುದು ಅವರ ಮನೆಮಾತು, ಅಜ್ಜಿಯ ಮಾತು.

ಇವರು ಮೂಗು ಮುಟ್ಟಿ "ನಾಕ್" ಅಂದರು. ಪುಟ್ಟ ತಲೆ ಅಲ್ಲಾಡಿಸಿದ, ಹೌದು ಅನ್ನುವ ಅಲ್ಲಾಟ. ಕಿವಿ ಹಿಡಿದು "ಕಾನ್" ಅಂದರು. ಅವನು ನಕ್ಕ. ಮೂರು ದಿನದಲ್ಲಿ ಮೊದಲ ನಗು. ಆಮೇಲೆ ಅವನೇ ಬೆರಳು ಮಡಚಿ ಎಣಿಸಿ ತೋರಿಸಿದ. ಯೆಕ್, ದುಯ್, ತ್ರಿನ್, ಶ್ತಾರ್, ಪಂಜ್. ನಾನು ಮರದ ಕೆಳಗೆ ಕೂತು ಅತ್ತೆ.

ರೋಮಾ ಜನರ ಹಿರಿಯರು ಸಾವಿರ ವರ್ಷಕ್ಕೂ ಹಿಂದೆ ಉತ್ತರ ಭಾರತದ ಕಡೆಯಿಂದ ಹೊರಟವರು ಅಂತ ಓದಿದ್ದೆ. ಏಳು, ಎಂಟು, ಒಂಬತ್ತಕ್ಕೆ ಅವರ ಶಬ್ದಗಳು ಗ್ರೀಕಿನವು, ದಾರಿಯಲ್ಲಿ ಸಿಕ್ಕಿದ್ದು. ಓದಿದ್ದು ಬೇರೆ. ಒಂಬತ್ತು ವರ್ಷದ ಹುಡುಗ ಬೆರಳು ಮಡಚಿ ನಿಮ್ಮ ಮುಂದೆ ಪಂಜ್ ಅನ್ನುವುದು ಬೇರೆ.

ಕೆಂಡಸಂಪಿಗೆ
29 ಫೆಬ್ರವರಿ

ನಿಮ್ಮ ಖುಷಿಯ ನಡುವೆ ಇದನ್ನು ಕೇಳಬೇಕಾ ಅಂತ ಯೋಚಿಸಿದೆ. ಕೇಳದಿದ್ದರೂ ತಪ್ಪಾಗುತ್ತದೆ ಅನಿಸಿತು.

ಅಲ್ಲಿನ ಸಂಸ್ಥೆಗಳಲ್ಲಿ ರೋಮಾ ಮಕ್ಕಳೇ ಜಾಸ್ತಿ ಇರುವುದು ಅವರನ್ನು ಯಾರೂ ಪ್ರೀತಿಸುವುದಿಲ್ಲ ಅಂತಲ್ಲ. ಬಡತನ, ಕೆಲಸ ಕೊಡದಿರುವುದು, ತಲೆತಲಾಂತರದ ತಾತ್ಸಾರ. ಸಂಸ್ಥೆಗಳಲ್ಲಿ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪನೋ ಅಮ್ಮನೋ ಬದುಕಿರುತ್ತಾರೆ. ಅಂಥ ಮಗುವನ್ನು ಅದರ ನೆಲ, ಭಾಷೆಯಿಂದ ಅಷ್ಟು ದೂರ ಕರೆದುಕೊಂಡು ಹೋಗುವುದು ಸರೀನಾ? ಹಾಗೆ ಹೋದ ಮಕ್ಕಳು ದೊಡ್ಡವರಾಗಿ ಇದನ್ನೇ ಕೇಳುತ್ತಿದ್ದಾರೆ. ಕೊರಿಯಾದಿಂದ ಹೋದವರು, ನಮ್ಮ ದೇಶದಿಂದ ಯುರೋಪಿಗೆ ಹೋದವರು, ಎಷ್ಟೋ ಜನ ಹೆತ್ತವರನ್ನು ಹುಡುಕಿಕೊಂಡು ಬರುತ್ತಿದ್ದಾರೆ.

ಕಾಯುವಮ್ಮ
29 ಫೆಬ್ರವರಿ

ಕೇಳಿದ್ದು ಒಳ್ಳೆಯದಾಯಿತು.

ಅವನ ಅಮ್ಮ ಬದುಕಿದ್ದಾರೆ. ನನಗೆ ಗೊತ್ತು. ರಾತ್ರಿ ಎಚ್ಚರಾದಾಗ ನಾನು ಯೋಚಿಸುವುದು ಅವರ ಬಗ್ಗೆಯೇ. ದೇಶಗಳ ನಡುವಿನ ದತ್ತಿಗಾಗಿ ಮಾಡಿಕೊಂಡ 1993ರ ಹೇಗ್ ಒಪ್ಪಂದದ ಪ್ರಕಾರ ಮೊದಲು ಹೆತ್ತ ಮನೆ, ಅದಾಗದಿದ್ದರೆ ಅದೇ ದೇಶದ ಕುಟುಂಬ, ಅದೂ ಆಗದಿದ್ದರೆ ಮಾತ್ರ ಹೊರದೇಶ. ಅಮ್ಮನ ಹತ್ತಿರಕ್ಕೆ ಕಳಿಸಲು ನೋಡಿದರಂತೆ, ಆಗಲಿಲ್ಲ. ಅಲ್ಲಿನ ಕುಟುಂಬಗಳಿಗೆ ಅವನ ಕಡತ ತೋರಿಸಿದರಂತೆ, ಯಾರೂ ಬರಲಿಲ್ಲ. ಕಾಗದದಲ್ಲಿ ಹಾಗಿದೆ. ಕಾಗದವನ್ನು ಎಷ್ಟು ನಂಬಬೇಕು ಅಂತ ನಾನೂ ಕೇಳಿಕೊಂಡಿದ್ದೇನೆ. ಅದಕ್ಕೇ ಇವತ್ತು ಸಮಾಜ ಕಾರ್ಯಕರ್ತೆಯ ಹತ್ತಿರ ಒಂದು ಗಂಟೆ ಕೂತು ಒಂದೊಂದೇ ಕೇಳಿದೆ. ಅವರ ಉತ್ತರಗಳನ್ನು ಬರೆದಿಟ್ಟುಕೊಂಡಿದ್ದೇನೆ, ಅವನು ದೊಡ್ಡವನಾದಾಗ ಅವನ ಕೈಗೆ ಕೊಡಲು.

ನಾವು ಅವನನ್ನು ಕಾಪಾಡಲು ಬಂದವರಲ್ಲ. ನಮಗೆ ಮಗು ಬೇಕು, ಅವನಿಗೆ ಮನೆ ಬೇಕು. ಅವನ ಹೆಸರು ಬದಲಾಯಿಸುವುದಿಲ್ಲ. ಬಲ್ಗೇರಿಯನ್ ಪಾಠ ಹೇಳುವವರನ್ನು ಹುಡುಕಿದ್ದೇವೆ. ದೊಡ್ಡ ಮಕ್ಕಳು ಹೊಸ ದೇಶಕ್ಕೆ ಬಂದರೆ ತಿಂಗಳುಗಳಲ್ಲೇ ಮೊದಲ ಭಾಷೆ ಮರೆಯುತ್ತಾರಂತೆ. ಪಾನಿ ಅನ್ನುವುದನ್ನು ಅವನು ಮರೆತರೆ ಅದು ನಮ್ಮ ತಪ್ಪು.

ಬಾಲಮಂದಿರದ ಹುಡುಗ
29 ಫೆಬ್ರವರಿ

ಕೆಂಡಸಂಪಿಗೆ ಅವರು ಹೇಳಿದ್ದು ನಿಜ. ನನ್ನ ಅಮ್ಮನಿಗೆ ತಿಂಗಳಿಗೆ ಸ್ವಲ್ಪ ದುಡ್ಡು, ಒಂದು ಕೋಣೆ ಸಿಕ್ಕಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಅದು ಮೊದಲು ಆಗಬೇಕಾದ ಕೆಲಸ.

ಆದರೆ ಅದು ಆಗಲಿಲ್ಲ ಅಂತಾದ ಮೇಲೆ ಹದಿನೆಂಟು ತುಂಬಿದ ದಿನ ಟ್ರಂಕ್ ಹಿಡಿದು ಗೇಟಿನಾಚೆ ನಿಂತಾಗ ಯಾರೂ ಇಲ್ಲದಿರುವುದು ಹೇಗಿರುತ್ತದೆ ಅಂತ ನನಗೆ ಗೊತ್ತು. ಎರಡೂ ನಿಜ.

ನಾಳೆ ಕೊನೆಯ ದಿನ ಅಲ್ವಾ ಅಕ್ಕ? ಮಧ್ಯಾಹ್ನದ ಊಟದ ಮುಂಚೆಯೇ ಅವನಿಗೆ ಹೇಳಿಬಿಡಿ. ಹೊರಡುವ ಹೊತ್ತಿಗೆ ಹೇಳಬೇಡಿ. ಸಿಟ್ಟು ಮಾಡಲು ಅವನಿಗೂ ಸ್ವಲ್ಪ ಸಮಯ ಬೇಕು.

ಕಾಯುವಮ್ಮ
4 ಮಾರ್ಚ್

ಮನೆಗೆ ಬಂದೆವು. ಎರಡು ದಿನ ಬರೆಯಲು ಕೈ ಬರಲಿಲ್ಲ.

ಮಾರ್ಚ್ 1 ಅಲ್ಲಿ ಹಬ್ಬ. ಬಾಬಾ ಮಾರ್ತಾ ಅನ್ನುತ್ತಾರೆ, ಮಾರ್ಚ್ ಅಜ್ಜಿ. ಕೆಂಪು ಬಿಳಿ ಉಲ್ಲನ್ ದಾರ ಹೊಸೆದು ಒಬ್ಬರ ಮಣಿಕಟ್ಟಿಗೆ ಒಬ್ಬರು ಕಟ್ಟುತ್ತಾರೆ. ಮಾರ್ತೆನಿತ್ಸಾ ಅಂತ ಹೆಸರು. ಕೊಕ್ಕರೆ ಕಂಡಾಗ, ಇಲ್ಲ ಮರ ಹೂ ಬಿಟ್ಟದ್ದು ಕಂಡಾಗ ಬಿಚ್ಚಿ ಮರಕ್ಕೆ ಕಟ್ಟಬೇಕು. ಮನೆಯ ಮಕ್ಕಳೆಲ್ಲ ಕೂತು ದಾರ ಹೊಸೆದಿದ್ದರು. ಪುಟ್ಟ ನಮ್ಮಿಬ್ಬರಿಗೂ ಕಟ್ಟಿದ. ನಮ್ಮವರಿಗೆ ಎರಡು ಗಂಟು, ನನಗೆ ಮೂರು. ನಮ್ಮೂರ ಕಂಕಣ ನೆನಪಾಯಿತು. ಕಟ್ಟಿಸಿಕೊಂಡ ಮೇಲೆ ಕೆಲಸ ಮುಗಿಯುವವರೆಗೆ ಬಿಚ್ಚುವಂತಿಲ್ಲ.

ಅಣ್ಣ ಹೇಳಿದ ಹಾಗೆ ಊಟಕ್ಕೆ ಮುಂಚೆಯೇ ಹೇಳಿದೆವು. ಅಲ್ಲಿನ ಮನಶ್ಶಾಸ್ತ್ರಜ್ಞೆ ಪಕ್ಕದಲ್ಲಿ ಕೂತಿದ್ದರು. ಒಂದು ಉದ್ದನೆಯ ಕಾಗದದ ಮೇಲೆ ಚಿತ್ರ ಬರೆದಿದ್ದೆವು. ಮೊದಲು ನಮ್ಮ ವಿಮಾನ. ಆಮೇಲೆ ಕಾಗದಗಳು. ಆಮೇಲೆ ಕೋರ್ಟ್, ನ್ಯಾಯಾಧೀಶರು. ಆಮೇಲೆ ಮತ್ತೆ ವಿಮಾನ. ನಡುವೆ ಖಾಲಿ ಚೌಕಗಳು. "ನಾಳೆ ಬರುವುದಿಲ್ಲ. ಮತ್ತೆ ಬರಬೇಕು ಅಂತ ನಮಗೆ ತುಂಬಾ ಆಸೆ. ನ್ಯಾಯಾಧೀಶರು ಹೂಂ ಅನ್ನಬೇಕು. ಯಾವ ದಿನ ಅಂತ ನಮಗೆ ಗೊತ್ತಿಲ್ಲ. ಅಲ್ಲಿಯವರೆಗೆ ಕಾಗದ ಬರೆಯುತ್ತೇವೆ." ಇಷ್ಟೇ ಹೇಳಿದ್ದು.

ಅವನು ಚಿತ್ರ ನೋಡಿದ. ಖಾಲಿ ಚೌಕಗಳ ಮೇಲೆ ಬೆರಳಿಟ್ಟು ಎಣಿಸಿದ. ನನ್ನ ಮುಖ ನೋಡಿ, "ಉತ್ರೆ?" ಅಂದ. ಕೇಳಿಸಿಕೊಂಡಿರಲಿಲ್ಲವೇನೋ ಅನ್ನುವ ಹಾಗೆ.

ನನಗೆ ಗೊತ್ತಿದ್ದ ಶಬ್ದ ಅದೊಂದೇ. ಅದನ್ನು ಹೇಳುವಂತಿರಲಿಲ್ಲ.

"ನೆ," ಅಂದೆ. ಇಲ್ಲ.

ಅವನು ತಲೆ ಮೇಲಕ್ಕೆತ್ತಿ "ತ್ಸ್" ಅಂದು ಎದ್ದು ಹೋದ. ಕೋಣೆಯ ಬಾಗಿಲು ಹಾಕಿಕೊಂಡ. ಊಟಕ್ಕೆ ಬರಲಿಲ್ಲ. ನಾವು ನಾಲ್ಕು ಗಂಟೆಯವರೆಗೂ ಅಲ್ಲೇ ಕೂತಿದ್ದೆವು. ಬಾಗಿಲ ಹೊರಗೆ ನೆಲದ ಮೇಲೆ. ನಮ್ಮವರು ಬ್ಲಾಕ್ ಜೋಡಿಸಿದರು. ಅವನು ಹೊರಗೆ ಬರಲಿಲ್ಲ. ಆ ಸಣ್ಣ ಗೆಳೆಯ ಬಂದು ನಮ್ಮವರ ತೊಡೆಯ ಮೇಲೆ ಕೂತ. ಅವನನ್ನು ಎತ್ತಿ ಇಳಿಸುವುದು ಇನ್ನೂ ಕಷ್ಟವಾಯಿತು.

ಗೇಟಿನಲ್ಲಿ ಹಿಂತಿರುಗಿ ನೋಡಿದೆ. ಕಿಟಕಿಯಲ್ಲೂ ಇರಲಿಲ್ಲ. ಹಿರಿಯ ಲೆಲ್ಯಾ ಹೇಳಿದರು, ಅವನ ಇಬ್ಬರು ಗೆಳೆಯರು ಹೋದ ವರ್ಷ ಹೀಗೇ ಹೋದರು. ಯಾರೂ ಅವನ ಹತ್ತಿರ ಸರಿಯಾಗಿ ಹೇಳಿ ಹೋಗಿರಲಿಲ್ಲ.

ಒಪ್ಪಿಗೆ ಪತ್ರಕ್ಕೆ ಅವತ್ತು ಸಂಜೆಯೇ ಸಹಿ ಹಾಕಿದೆವು.

ಮಕ್ಕಳ ಡಾಕ್ಟರ್, ಡಬ್ಲಿನ್
4 ಮಾರ್ಚ್

ಬಾಗಿಲು ಹಾಕಿಕೊಂಡನಲ್ಲ, ಅದು ಕೆಟ್ಟದ್ದಲ್ಲ ಅಕ್ಕ. ಐದು ದಿನದಲ್ಲಿ ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ನೀವು ಅವನವರಾದಿರಿ. ಏನೂ ಆಗದವರ ಹಾಗೆ ಕೈ ಬೀಸಿ ಕಳಿಸಿಕೊಟ್ಟಿದ್ದರೆ ನಾನು ಚಿಂತೆ ಮಾಡುತ್ತಿದ್ದೆ.

ಬಾಲಮಂದಿರದ ಹುಡುಗ
5 ಮಾರ್ಚ್

ನಾಲ್ಕು ಗಂಟೆಯವರೆಗೆ ಬಾಗಿಲ ಹೊರಗೆ ಕೂತಿದ್ದಿರಲ್ಲ, ಅದು ಅವನಿಗೆ ಗೊತ್ತಿದೆ. ಒಳಗಿನವರಿಗೆ ಎಲ್ಲ ಕೇಳಿಸುತ್ತದೆ.

ಕಾಗದ ಬರೆಯುತ್ತೇವೆ ಅಂದಿದ್ದೀರಿ. ಇವತ್ತೇ ಹಾಕಿ.

ಆಕಾಶಮಲ್ಲಿಗೆ
5 ಮಾರ್ಚ್

ಮನೆಗೆ ಬಂದ ಮೇಲಿನದಕ್ಕೂ ಈಗಲೇ ತಯಾರಾಗಿ ಅಕ್ಕ. ನಮ್ಮ ಮಗಳು ಮೊದಲ ಎರಡು ತಿಂಗಳು ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಚಿನ್ನದಂಥ ಮಗು. ಮೂರನೇ ತಿಂಗಳು ತಟ್ಟೆ ಬಿಸಾಡಿದಳು. ಚಪಾತಿ ಮುರಿದು ಬಟ್ಟೆ ಕಪಾಟಿನಲ್ಲಿ ಬಚ್ಚಿಡುತ್ತಿದ್ದಳು. ಬೈಯಬೇಡಿ, ತೆಗೆದು ಬಿಸಾಡಬೇಡಿ. ನಾವು ಅವಳ ಮಂಚದ ಪಕ್ಕ ಒಂದು ಡಬ್ಬಿ ಇಟ್ಟು, "ಇದು ನಿಂದು, ಖಾಲಿ ಆದರೆ ತುಂಬಿಸ್ತೀನಿ" ಅಂದೆವು. ದಿನಾ ತುಂಬಿಸಿದೆ. ಏಳು ತಿಂಗಳ ಮೇಲೆ ಒಂದು ದಿನ ನೋಡಿದರೆ ಡಬ್ಬಿಯಲ್ಲಿ ಬಿಸ್ಕತ್ ಇರಲಿಲ್ಲ, ಕ್ರೇಯಾನ್ ಇದ್ದವು.

ಕಾಯುವಮ್ಮ
9 ಏಪ್ರಿಲ್

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕಾಗದಗಳು ಮುಂದೆ ಹೋಗಿವೆ. ಕೋರ್ಟಿನ ದಿನ ಇನ್ನೂ ಗೊತ್ತಿಲ್ಲ. ವಾರಕ್ಕೊಂದು ಪತ್ರ ಹಾಕಿದ್ದೇವೆ, ಮಂಗಳವಾರವೇ. ಸಣ್ಣ ಗೆಳೆಯನಿಗೂ ಬೇರೆ ಲಕೋಟೆಯಲ್ಲಿ ಒಂದೊಂದು ಚಿತ್ರ.

ಎರಡು ವಾರಕ್ಕೊಮ್ಮೆ ವಿಡಿಯೊ ಕಾಲ್‌ಗೆ ಅಲ್ಲಿಯವರು ಒಪ್ಪಿದರು. ಇವತ್ತು ಮೊದಲನೆಯದು. ದುಭಾಷಿಯೂ ಇದ್ದರು. ಪುಟ್ಟ ಬಂದು ಕೂತ, ಕ್ಯಾಮೆರಾ ನೋಡಲಿಲ್ಲ. ಐದು ನಿಮಿಷ ಹಾಗೇ. ನಾವೂ ಸುಮ್ಮನಿದ್ದೆವು.

ಆಮೇಲೆ ಕೇಳಿದ, ನಿಮ್ಮೂರಲ್ಲಿ ಕೊಕ್ಕರೆ ಬಂತಾ?

ಇಲ್ಲ ಅಂದೆ. ಅವನು ಹೇಳುವ ಬಿಳಿ ಕೊಕ್ಕರೆ ನ್ಯೂಜೆರ್ಸಿಗೆ ಬರುವುದಿಲ್ಲ. ಆದರೆ ನಮ್ಮ ಹಿತ್ತಲ ಚೆರ್ರಿ ಮರ ಹೂ ಬಿಟ್ಟಿದೆ. ಅವನ ಊರಲ್ಲಿ ಬಂದಿತಂತೆ, ಕರೆಂಟ್ ಕಂಬದ ಮೇಲೆ ಗೂಡು ಕಟ್ಟಿದೆಯಂತೆ. ತನ್ನ ದಾರ ಪ್ಲಮ್ ಮರಕ್ಕೆ ಕಟ್ಟಿದೆ ಅಂದ. ನಿಮ್ಮದು ಎಲ್ಲಿ ಅಂತ ಕೇಳಿದ. ಇಬ್ಬರೂ ಕೈ ಎತ್ತಿ ತೋರಿಸಿದೆವು. ಸ್ನಾನ ಮಾಡಿ ಮಾಡಿ ಕೆಂಪು ಬಣ್ಣ ಗುಲಾಬಿಯಾಗಿದೆ. ಫೋನ್ ಹಿಡಿದುಕೊಂಡೇ ಹಿತ್ತಲಿಗೆ ಹೋದೆವು. ಮೂರು ಗಂಟು ಬಿಚ್ಚಲು ನನಗೆ ಬರಲಿಲ್ಲ, ನಮ್ಮವರು ಹಲ್ಲಿನಿಂದ ಬಿಚ್ಚಿದರು. ಅವನು ನೋಡುತ್ತಿದ್ದಂತೆಯೇ ಚೆರ್ರಿ ಕೊಂಬೆಗೆ ಕಟ್ಟಿದೆವು. ಇನ್ನೂ ಮೇಲೆ, ಇನ್ನೂ ಮೇಲೆ ಅಂತ ಕೈ ಮಾಡಿದ.

ಮುಗಿಸುವಾಗ ಈ ಸಲ "ಉತ್ರೆ?" ಅನ್ನಲಿಲ್ಲ. "ಕೋಗಾ?" ಅಂದ. ಯಾವಾಗ?

ಬರುವುದು ಯಾವಾಗ ಅಂತ ಗೊತ್ತಿಲ್ಲ, ಫೋನ್ ಮಾತ್ರ 23ಕ್ಕೆ, ನಿಮ್ಮೂರ ಸಂಜೆ ಐದಕ್ಕೆ ಅಂದೆ. ಅವನು ಪೆನ್ನು ತೆಗೆದುಕೊಂಡು ಅಂಗೈ ಮೇಲೆ 23 ಅಂತ ಬರೆದುಕೊಂಡ.

ಬಾಲಮಂದಿರದ ಹುಡುಗ
9 ಏಪ್ರಿಲ್

23ಕ್ಕೆ ಹತ್ತು ನಿಮಿಷ ಮೊದಲೇ ಫೋನ್ ಚಾರ್ಜ್ ನೋಡಿಕೊಂಡು ಕೂತಿರಿ ಅಕ್ಕ.